ರಾಯಚೂರು ಸೀಮೆಯಲ್ಲಿ ಯೇಸುವಿನ ಹಿಂದೆ ಹೋದವರು ಏನು ತೆರುತ್ತಾರೆ?

"ನಿಮ್ಮ ಕಡೆ ದುಡ್ಡು ಕೊಟ್ಟು ಕ್ರಿಶ್ಚಿಯನ್ ಮಾಡ್ತಾರಂತಲ್ಲ" ಎಂದು ಕೇಳಿದ್ದೀರಿ. ನಾನು ಕಂಡಂತೆ ದುಡ್ಡು ಹೋಗುವುದು ಜನರ ಕೈಯಿಂದಲೇ. ಹತ್ತಿ ಬಿಡಿಸಿ ತಂದ ಕೂಲಿಯಲ್ಲಿ ಹತ್ತರಲ್ಲೊಂದು ಪಾಲನ್ನು ದಶಮಾಂಶ ಎಂದು ತೆಗೆದಿಡುವ ಹೆಣ್ಣುಮಕ್ಕಳು ನಮ್ಮ ಸಭೆಯಲ್ಲೇ ಇದ್ದಾರೆ. ಅದು ಸಣ್ಣ ಖರ್ಚು. ದೊಡ್ಡ ಖರ್ಚು ಬೀಳುವುದು ಜಾತಿ ಸರ್ಟಿಫಿಕೇಟ್ ಕೊಡುವ ತಹಶೀಲ್ದಾರ್ ಕಚೇರಿಯಲ್ಲಿ, ಆಮೇಲೆ ಸ್ವಂತ ಮನೆಯಲ್ಲಿ.

ಕ್ರಿಸ್ತಮತ ಇಲ್ಲಿಗೆ ಹೊಸದಲ್ಲ. ಮುದಗಲ್ಲಿನ ಕ್ಯಾಥೊಲಿಕರ ಕಥೆ ಆದಿಲ್‌ಶಾಹಿ ಕಾಲದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಆ ಹಳೆಯ ಮನೆತನಗಳಿಗೆ ಶಾಲೆ, ಸಮಾಧಿಭೂಮಿ, ಬೀಗರ ಬಳಗ ಎಲ್ಲ ಇವೆ. ತೆರುವುದನ್ನು ಅಜ್ಜಂದಿರೇ ತೆತ್ತು ಹೋಗಿದ್ದಾರೆ. ನಾನು ಹೇಳುತ್ತಿರುವುದು ಮಾನ್ವಿ, ಸಿಂಧನೂರು, ದೇವದುರ್ಗದ ಹಳ್ಳಿಗಳಲ್ಲಿ ಈಗ ದೀಕ್ಷಾಸ್ನಾನ ತಗೊಳ್ಳುವವರ ಮಾತು.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು (ಎಸ್‌ಸಿ) ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗೇ ಉಳಿದರು. ಮಾದಿಗರ ಹುಡುಗ ತನ್ನ ನಂಬಿಕೆಯನ್ನು ಕಾಗದದಲ್ಲೂ ಒಪ್ಪಿಕೊಂಡರೆ ಎಸ್‌ಸಿ ಸರ್ಟಿಫಿಕೇಟ್ ಹೋಯಿತು. ಕರ್ನಾಟಕದಲ್ಲಿ ಅವನಿಗೆ ಸಿಗುವುದು ಹಿಂದುಳಿದ ವರ್ಗಗಳ ಪ್ರವರ್ಗ-1. ಅದರ ಶೇ 4 ಮೀಸಲಾತಿಗೆ ಇನ್ನೆಷ್ಟೋ ಜಾತಿಗಳು ಕಾದು ನಿಂತಿರುತ್ತವೆ. ಲಿಂಗಸುಗೂರಿನ ಎಸ್‌ಸಿ ಮೀಸಲು ಕ್ಷೇತ್ರದಲ್ಲಿ ಅವನು ಚುನಾವಣೆಗೆ ನಿಲ್ಲುವಂತಿಲ್ಲ. ಯಾರಾದರೂ ಜಾತಿ ಎತ್ತಿ ಬೈದರೆ ಎಸ್‌ಸಿ-ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯೂ ಕೈಹಿಡಿಯದೇ ಹೋಗಬಹುದು. 2025ರಲ್ಲಿ ಆಂಧ್ರ ಹೈಕೋರ್ಟ್ ಪಾಸ್ಟರ್ ಒಬ್ಬರ ಕೇಸಿನಲ್ಲಿ ಹಾಗೇ ಹೇಳಿತು. ಅದೇ ಸಭೆಯಲ್ಲಿ, ಅದೇ ಚಾಪೆಯ ಮೇಲೆ ಕೂತ ನಾಯಕ (ವಾಲ್ಮೀಕಿ) ಜಾತಿಯ ಹುಡುಗನ ಎಸ್‌ಟಿ ಸರ್ಟಿಫಿಕೇಟ್ ಮಾತ್ರ ಎಲ್ಲೂ ಹೋಗುವುದಿಲ್ಲ, ಏಕೆಂದರೆ ಆ ಪಟ್ಟಿಗೆ ಧರ್ಮದ ಷರತ್ತಿಲ್ಲ. ಒಂದೇ ನಂಬಿಕೆ ಒಬ್ಬನಿಗೆ ಪುಕ್ಕಟೆ, ಇನ್ನೊಬ್ಬನಿಗೆ ನೌಕರಿಯಷ್ಟು ತುಟ್ಟಿ.

ಗಡಿ ದಾಟಿ ತೆಲಂಗಾಣದ ಗದ್ವಾಲಕ್ಕೋ, ತುಂಗಭದ್ರೆ ದಾಟಿ ಆಂಧ್ರದ ಆದೋನಿಗೋ ಹೋದರೂ ಇದೇ ಗೋಳು. ಕೊಟ್ಟು ತಂದ ಸಂಬಂಧಗಳು ಅಲ್ಲೂ ಇವೆ, ನಮ್ಮ ಸಭೆಯ ಅರ್ಧ ಹಾಡುಗಳು ತೆಲುಗಿನವು. ಅಲ್ಲಿ ಇಂಥವರು ಹಿಂದುಳಿದ ವರ್ಗಗಳ ಬಿಸಿ-ಸಿ ಗುಂಪು, ಮೀಸಲಾತಿ ಶೇ 1.

ಮನೆಯೊಳಗಿನ ಲೆಕ್ಕ ಬೇರೆ. ಊರ ದೇವಿಯ ಜಾತ್ರೆಗೆ ಹಲಗೆ ಬಾರಿಸುವ ಪಾಳಿ ಯಾವ ಮನೆಯದು ಎಂಬುದು ಅಜ್ಜನ ಕಾಲದಿಂದ ಗೊತ್ತಿರುವ ಮಾತು. ವಿಶ್ವಾಸಿಯಾದವನು "ಒಲ್ಲೆ" ಅಂದ ದಿನ ಗೌಡರಿಗಿಂತ ಮೊದಲು ಸಿಟ್ಟಾಗುವವರು ಒಡಹುಟ್ಟಿದ ಅಣ್ಣತಮ್ಮಂದಿರು. ಅವನ ಪಾಳಿ ಇನ್ನು ಅವರ ಹೆಗಲಿಗೆ. ಹುಲಿಗೆಮ್ಮನ ಪ್ರಸಾದಕ್ಕೆ ಕೈ ಒಡ್ಡದಿದ್ದರೆ ಅವ್ವ ಅಳುತ್ತಾಳೆ: "ನನ್ನ ಕೈಲೆ ಉಂಡು ಬೆಳದಾಂವ, ಈಗ ನಾ ಮಾಡಿದ ಎಡಿ ಮುಟ್ಟಂಗಿಲ್ಲಂತ." ಮುದಗಲ್ಲಿನ ಮೊಹರಂನಲ್ಲಿ ಹಿಂದೂಗಳೂ ಅಲೈ ಕುಣಿಯುವ ಸೀಮೆ ಇದು, ಯಾರ ದೇವರೂ ಯಾರಿಗೂ ಹೊರಗಿನವನಲ್ಲ. ಇಂಥ ಕಡೆ "ಬೇರೆಯದಕ್ಕೆ ಕೈ ಮುಗಿಯಲ್ಲ" ಎನ್ನುವವನನ್ನು ಜನ ಧರ್ಮ ಬಿಟ್ಟ ಎಂದು ಬೈಯುವುದಕ್ಕಿಂತ ಸೊಕ್ಕು ಬಂದಿದೆ ಎಂದು ಬೈಯುವುದೇ ಹೆಚ್ಚು. ನಾನು ವಿಶ್ವಾಸಿಯೇ, ಆದರೂ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಬರೀ ಕಳೆದುಕೊಂಡದ್ದನ್ನೇ ಹೇಳಿದರೆ ಸುಳ್ಳಾದೀತು. ಕುಡಿತ ಬಿಟ್ಟ ಗಂಡಸರ ಮನೆಗಳಲ್ಲಿ ವಾರದ ಸಂತೆಗೆ ದುಡ್ಡು ಉಳಿಯುತ್ತದೆ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಕದ್ದುಮುಚ್ಚಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುತ್ತಿದ್ದ ಕೇರಿಗಳಲ್ಲಿ, ಸಭೆಗೆ ಬಂದ ತಾಯಂದಿರು ಮಗಳ ವಿಷಯದಲ್ಲಿ ಗಟ್ಟಿಯಾಗಿ ನಿಂತಿದ್ದಾರೆ.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳುತ್ತಾನೆ, ಲೂಕನ 14ನೇ ಅಧ್ಯಾಯದಲ್ಲಿ. ನಮ್ಮವರು ಲೆಕ್ಕ ಹಾಕಿಯೇ ಎರಡು ಹೆಸರು ಇಟ್ಟುಕೊಂಡಿದ್ದಾರೆ: ಸಭೆಯಲ್ಲಿ ಸ್ಯಾಮ್ಯುಯೆಲ್, ರೇಷನ್ ಕಾರ್ಡಿನಲ್ಲಿ ಹನುಮಂತ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದನ್ನು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಇರಬಹುದು. ಆದರೆ ಊರು ಆ ಹನುಮಂತನನ್ನು ನೋಡುವ ಕಣ್ಣು ಬದಲಾಗಿಲ್ಲ, ಕೇರಿ ಇದ್ದಲ್ಲೇ ಇದೆ. ಮತ ಬದಲಿಸಿದ ಇಂಥವರಿಗೂ ಎಸ್‌ಸಿ ಸ್ಥಾನ ಕೊಡಬೇಕೇ ಎಂಬುದನ್ನು ಪರಿಶೀಲಿಸಲೆಂದೇ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು.

ಪೂರ್ತಿ ಬೆಲೆ ತೆತ್ತವರೂ ಇದ್ದಾರೆ. ಬಿ.ಎಡ್ ಮುಗಿಸಿದ ನಮ್ಮ ಬಳಗದ ಹುಡುಗನೊಬ್ಬ ಮೇಷ್ಟ್ರ ಹುದ್ದೆಯ ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ತುಂಬಿದ. ಅವನ ತಾಯಿ ಎಲ್ಲರಿಗಿಂತ ಮೊದಲು ಸಭೆಗೆ ಬಂದಾಕೆ, ಆಕೆಯೇ ಜಗಳ ತೆಗೆದಳು: "ಯೇಸುಸ್ವಾಮಿ ಮನಸ್ಸು ನೋಡ್ತಾನ, ಸರ್ಟಿಫಿಕೇಟ್ ನೋಡ್ತಾನೇನು?" ಅವನು ಮಣಿಯಲಿಲ್ಲ, ನೌಕರಿಯೂ ಆಗಲಿಲ್ಲ, ನೋಡಿ ಹೋದ ಹೆಣ್ಣಿನ ಕಡೆಯವರೂ ಹಿಂದೆ ಸರಿದರು. ಈಗ ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ಲೆಕ್ಕ ಹೇಳಿಕೊಡುತ್ತಾನೆ. ಪಾಸ್ಟರ್ ಅವನನ್ನು ಮಾದರಿ ಎಂದು ಹೊಗಳುತ್ತಾರೆ. ನನಗೆ ಹೊಗಳಲು ಬಾಯಿ ಬರುವುದಿಲ್ಲ, ಏಕೆಂದರೆ ಸಭೆಯಲ್ಲಿ ಯಾರೂ ಅವನ ಸಂಬಳಕ್ಕೆ ಹೆಗಲು ಕೊಟ್ಟಿಲ್ಲ.

ನೀವು ಬರುವುದಾದರೆ ಭಾನುವಾರ ಬನ್ನಿ, ಆರಾಧನೆ ಆದಮೇಲೆ ಊಟ ನಮ್ಮ ಮನೆಯಲ್ಲೇ. ಒಂದು ಮಾತು ಮಾತ್ರ ನೆನಪಿಡಿ. ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ, ಮತ ಬದಲಿಸುವವರ ಹೆಸರು ನೋಟಿಸ್ ಬೋರ್ಡಿಗೆ ಬೀಳುವ ನಿಯಮ ಬಂತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿದರೂ ಜನರ ಅಂಜಿಕೆ ಹೋಗಿಲ್ಲ. ಆದ್ದರಿಂದ ಮೊಬೈಲ್ ಜೇಬಿನಲ್ಲೇ ಇರಲಿ, ಸಭೆಯ ಫೋಟೊ ತೆಗೆಯಬೇಡಿ. ನೀವು ಸ್ಟೇಟಸ್ಸಿಗೆ ಹಾಕಿದ ಒಂದು ಫೋಟೊ ಯಾರ ಮಗಳ ಹಾಸ್ಟೆಲ್ ಸೀಟಿಗೆ ಕುತ್ತು ತರುತ್ತದೋ ಹೇಳಲಾಗದು.