ಪಂಪ್ ಕೂಗಲಿಲ್ಲ, ಸಕ್ಕರೆ ಮಾತ್ರ ಏರಿತು!

ಪ್ರಶ್ನೆ: ಮಗಳಿಗೆ 14 ವರ್ಷ, ಟೈಪ್ 1 ಮಧುಮೇಹ. ಇನ್ಸುಲಿನ್ ಪಂಪ್ ಇದೆ. ರಾತ್ರಿ ಅದರ ಸೆಟ್ (ಇನ್ಸುಲಿನ್ ಒಯ್ಯುವ ನಳಿಕೆ) ಬದಲಿಸಿದರೆ ಕೆಲವೊಮ್ಮೆ ಬೆಳಿಗ್ಗೆ ಸಕ್ಕರೆ 300 ದಾಟಿರುತ್ತದೆ, ಅಲಾರಂ ಬಂದಿರುವುದಿಲ್ಲ. ಟೈಪ್ 2 ಇರುವ ನಮ್ಮತ್ತೆಗೂ ಪಂಪ್ ಹಾಕಿಸಬಹುದೇ?
– ಓದುಗರು, ಮದ್ದೂರು

ಉತ್ತರ: ಸೆಟ್ಟಿನ ತುದಿಯಲ್ಲಿ ಚರ್ಮದಡಿ ಇರುವ ಮೆದು ಕೊಳವೆ, ಅಂದರೆ ಕ್ಯಾನುಲಾ, ಮಡಚಿಕೊಳ್ಳುತ್ತಿರಬಹುದು. ಬೇಸಲ್ (ದಿನವಿಡೀ ಸಣ್ಣಗೆ ಹರಿಯುವ ಇನ್ಸುಲಿನ್) ಗಂಟೆಗೆ ಅರ್ಧ ಯೂನಿಟ್‌ನಷ್ಟೇ ಹರಿಯುವಾಗ ಒತ್ತಡ ಹೆಚ್ಚಿ ಅಲಾರಂ ಕೂಗಲು ಗಂಟೆಗಳೇ ಬೇಕು; ಸೋರಿದರೆ ಕೂಗುವುದೇ ಇಲ್ಲ. ಪಂಪ್‌ನಲ್ಲಿ ದೀರ್ಘಾವಧಿ ಇನ್ಸುಲಿನ್ ಇರುವುದಿಲ್ಲ. ಹಾಗಾಗಿ ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತ ಸೇರುವ ಆಮ್ಲ) ಏರತೊಡಗುತ್ತದೆ.

ಸಕ್ಕರೆ 250 ದಾಟಿದರೆ ಕೀಟೋನ್ ನೋಡಿ. ಇದ್ದರೆ ಪಂಪನ್ನು ನಂಬಿ ಕೂರಬೇಡಿ: ವೈದ್ಯರು ಬರೆದುಕೊಟ್ಟ ತಿದ್ದುಪಡಿ ಡೋಸನ್ನು ಇನ್ಸುಲಿನ್ ಪೆನ್‌ನಿಂದ ಚುಚ್ಚಿ, ಆಮೇಲೆ ಸೆಟ್ ಬದಲಿಸಿ. ರಕ್ತದ ಕೀಟೋನ್ 1.5 mmol/L ಮುಟ್ಟಿದರೆ ವೈದ್ಯರಿಗೆ ಫೋನ್ ಮಾಡಿ. ವಾಂತಿ, ಏದುಸಿರು ಕಂಡರೆ ನೇರ ಆಸ್ಪತ್ರೆಗೆ. ಕಿತ್ತ ಕ್ಯಾನುಲಾವನ್ನು ಬೆಳಕಿಗೆ ಹಿಡಿದು ನೋಡಿ, ಕೊಕ್ಕೆಯಂತೆ ಬಾಗಿದ್ದರೆ ಕಳ್ಳ ಸಿಕ್ಕಂತೆ.

ಸೆಟ್ಟನ್ನು 2–3 ದಿನಕ್ಕೊಮ್ಮೆ, ಬೆಳಗಿನ ತಿಂಡಿಗೆ ಮುಂಚೆ ಬದಲಿಸಿ. ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿದರೆ ತಪ್ಪು ಹಗಲಲ್ಲೇ ತಿಳಿಯುತ್ತದೆ. ಹಳೆ ಜಾಗದಿಂದ ಎರಡು ಬೆರಳು ದೂರ ಚುಚ್ಚಿ. ಗಂಟುಗಟ್ಟಿದ ಕಡೆ ಬೇಡ, ಚೂಡಿದಾರದ ಲಾಡಿ ಒತ್ತುವ ಕಡೆಯೂ ಬೇಡ. ಆಲೆಮನೆಯ ಒಲೆ ಹತ್ತಿರ ಹೆಚ್ಚು ಹೊತ್ತು ನಿಂತರೆ ಇನ್ಸುಲಿನ್ನೇ ಕೆಡಬಹುದು.

ಅತ್ತೆಯವರಿಗೆ ಅವಸರವಿಲ್ಲ. ದಿನಕ್ಕೆ ನಾಲ್ಕು ಚುಚ್ಚುಮದ್ದು ಸರಿಯಾಗಿ ತೆಗೆದುಕೊಂಡೂ ಹಿಡಿತ ಸಿಗದಿದ್ದಾಗ ಮಾತ್ರ ಯೋಚಿಸಬೇಕು. ಪಂಪ್ ಹಾಕಿಸಿದರೂ ಅದು ತಾನೇ ಊಟದ ಲೆಕ್ಕ ಹಾಕುವುದಿಲ್ಲ: ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ಈ ಲೆಕ್ಕವನ್ನು ಊಟಕ್ಕೆ ಮುಂಚೆ ಪಂಪ್‌ಗೆ ಯಾರಾದರೂ ಹೇಳಲೇಬೇಕಲ್ಲ!