ಮ್ಯಾಗ್ನೆಟೋಟೆಲ್ಯೂರಿಕ್ ಸರ್ವೆಯಿಂದ ಆಲೂರಿನ ತೋಟದಲ್ಲಿ ಬೋರ್‌ವೆಲ್ ಪಾಯಿಂಟ್ ಹಿಡಿಯಬಹುದೇ?

ಭೂಮಿಯ ಕಾಂತಕ್ಷೇತ್ರದ ಏರಿಳಿತ ಅಳೆದು ನೆಲದೊಳಗಿನ ವಾಹಕತೆ ತಿಳಿಯಬಹುದಾದರೆ ನೀರಿನ ಪಾಯಿಂಟೂ ಸಿಗಬೇಕಲ್ಲ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ಲೆಕ್ಕ ಹಾಕಿದರೆ ಏಕೆಂದು ಗೊತ್ತಾಗುತ್ತದೆ.

ಸೌರಮಾರುತ, ದೂರದ ಸಿಡಿಲುಗಳಿಂದ ಕಾಂತಕ್ಷೇತ್ರ ಅಲುಗುತ್ತದೆ. ಆ ಅಲುಗಾಟ ನೆಲದಲ್ಲಿ ವಿದ್ಯುತ್ ಪ್ರವಾಹ ಹುಟ್ಟಿಸುತ್ತದೆ. ಬಂಡೆಯ ರೋಧಕತೆಯನ್ನು (ಓಮ್-ಮೀಟರ್) ಅಲೆಯ ಅವಧಿಯಿಂದ (ಸೆಕೆಂಡ್) ಗುಣಿಸಿ, ವರ್ಗಮೂಲ ತೆಗೆದು 500ರಿಂದ ಗುಣಿಸಿದರೆ ಅಲೆ ಇಳಿಯುವ ಆಳ ಮೀಟರಿನಲ್ಲಿ ಬರುತ್ತದೆ. ಹಾಸನದ ನೈಸ್ (gneiss) ಎಂಬ ಗಟ್ಟಿ ಬಂಡೆಗೆ 5000 ಓಮ್-ಮೀಟರ್ ಹಿಡಿಯೋಣ. 1 ಸೆಕೆಂಡಿನ ಅಲೆ 35 ಕಿ.ಮೀ. ಇಳಿಯುತ್ತದೆ! 100 ಮೀಟರಿನಲ್ಲೇ ನಿಲ್ಲಬೇಕಾದರೆ 1.25 ಲಕ್ಷ ಹರ್ಟ್ಸ್ (ಸೆಕೆಂಡಿಗೆ ಅಷ್ಟು ಅಲೆ) ಬೇಕು. ಸಾಮಾನ್ಯ ಉಪಕರಣಗಳು 10 ಸಾವಿರದ ಆಸುಪಾಸಿಗೇ ಮುಗಿಯುತ್ತವೆ. ಒಂದೆರಡು ಅಡಿಯ ನೀರಿನ ಬಿರುಕು ಅದಕ್ಕೆ ಕಾಣುವುದೇ ಇಲ್ಲ. ಬೋರ್‌ವೆಲ್‌ಗೆ ನಾಲ್ಕು ಕಡ್ಡಿ ನೆಟ್ಟು ಕರೆಂಟ್ ಹಾಯಿಸುವ ರೆಸಿಸ್ಟಿವಿಟಿ ಸರ್ವೆಯೇ ಸರಿ.

ಭೂಮಿಯ ಹೊರಪದರದ ಆಳವನ್ನೇ ನೋಡಬೇಕೆಂದರೆ ಮ್ಯಾಗ್ನೆಟೋಟೆಲ್ಯೂರಿಕ್ ಒಳ್ಳೆಯ ವಿಧಾನ, ಆದರೆ ನೆಲದ ವೋಲ್ಟೇಜ್ ಹಿಡಿಯುವ ಎಲೆಕ್ಟ್ರೋಡ್ ಹೂಳುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಕಬ್ಬಿಣದ ಸರಳು ಬೇಡ: ಲೋಹ ಮಣ್ಣಿನ ತೇವದೊಂದಿಗೆ ಸೇರಿ ತಾನೇ ಬ್ಯಾಟರಿಯಂತಾಗುತ್ತದೆ, ಅದರ ಏರಿಳಿತದಲ್ಲಿ ಅಸಲಿ ಸಿಗ್ನಲ್ ಮುಳುಗಿಹೋಗುತ್ತದೆ. ಸೀಸ-ಸೀಸದ ಕ್ಲೋರೈಡ್ ಪಾಟ್ (ಸೀಸವನ್ನು ಅದರದೇ ಲವಣದಲ್ಲಿ ಇಟ್ಟ ಕುಡಿಕೆ) ಬಳಸಿ. ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮವಾಗಿ 50ರಿಂದ 100 ಮೀಟರ್ ಅಂತರ. ಅರ್ಧ ಮೀಟರ್ ಗುಂಡಿ, ಉಪ್ಪುನೀರಿನಲ್ಲಿ ಕಲಸಿದ ಬೆಂಟೊನೈಟ್ ಜೇಡಿಮಣ್ಣು, ಮೇಲೆ ಸೊಪ್ಪು. ಬಿಸಿಲು ತಾಗಿದರೆ ಅಳತೆ ಜಾರುತ್ತದೆ. ಎಲೆಕ್ಟ್ರೋಡ್‌ಗೂ ಮಣ್ಣಿಗೂ ನಡುವಿನ ಸಂಪರ್ಕ ರೋಧ ಎರಡು-ಮೂರು ಕಿಲೋಓಮ್ ದಾಟಬಾರದು, ಏಪ್ರಿಲ್‌ನ ಒಣ ಕೆಂಪುಮಣ್ಣಿನಲ್ಲಿ ಇದೇ ಕಷ್ಟ. ತಂತಿ ಗಾಳಿಗೆ ಅಲುಗಿದರೂ ಸುಳ್ಳು ವೋಲ್ಟೇಜ್ ಬರುತ್ತದೆ, ಮಣ್ಣು ಮುಚ್ಚಿ. 1000 ಸೆಕೆಂಡಿನ ಅವಧಿ ಬೇಕಾದರೆ ಎರಡು-ಮೂರು ದಿನವಾದರೂ ದಾಖಲಿಸಬೇಕು.

ಸಿಗ್ನಲ್ ಕೆಡಿಸುವ ವಿದ್ಯುತ್ ಗದ್ದಲದಲ್ಲಿ ಪಂಪ್‌ಸೆಟ್‌ನ 50 ಹರ್ಟ್ಸ್ ಸುಲಭ, ಫಿಲ್ಟರ್ ಮಾಡಬಹುದು. ನಿಜವಾದ ಶತ್ರು ಆನೆಗೆಂದು ಹಾಕಿದ ಸೋಲಾರ್ ಬೇಲಿ. ಅದು ಹೆಚ್ಚುಕಡಿಮೆ ಸೆಕೆಂಡಿಗೊಂದು ಮಿಡಿತ ಬಿಡುತ್ತದೆ. ನಿಸರ್ಗದ ಸಿಗ್ನಲ್ ತೀರಾ ಕ್ಷೀಣವಾಗಿರುವುದೂ ಅದೇ ಸುತ್ತಿನ, 0.1ರಿಂದ 10 ಸೆಕೆಂಡಿನ ಪಟ್ಟಿಯಲ್ಲಿ. ಬೇಲಿ ಆಫ್ ಮಾಡಿ ಎನ್ನಲು ಯಾರಿಗೂ ಬಾಯಿ ಬರದು. ಹತ್ತಾರು ಕಿ.ಮೀ. ದೂರದಲ್ಲಿ, ಬೇಲಿ ಇಲ್ಲದ ಕಡೆ ಜಿಪಿಎಸ್ ಸಮಯಕ್ಕೆ ಹೊಂದಿಸಿದ ಇನ್ನೊಂದು ಕೇಂದ್ರ ಇಡಿ. ಎರಡರಲ್ಲೂ ಒಟ್ಟಿಗೆ ಕಂಡದ್ದನ್ನು ಮಾತ್ರ ನಂಬಿ. (ಮುಂಬೈನ ಟ್ರಾಮ್‌ಗಳನ್ನು ಕರೆಂಟಿಗೆ ಬದಲಿಸಲು ಹೊರಟಾಗ ಕೊಲಾಬಾದ ಕಾಂತ ವೀಕ್ಷಣಾಲಯವೇ ಅಲಿಬಾಗ್‌ಗೆ ಹೋಗಬೇಕಾಯಿತು.)

ದೀರ್ಘ ಅವಧಿಗಳಲ್ಲಿ ಕಡಲೂ ಕಾಣುತ್ತದೆ. ಸಕಲೇಶಪುರದಿಂದ ನೇರ ಗೆರೆಯಲ್ಲಿ ಸುಮಾರು 100 ಕಿ.ಮೀ., ಉಪ್ಪುನೀರು ಸುಮಾರು 0.3 ಓಮ್-ಮೀಟರ್. ನೆಲದೊಳಗಿನ ಚಿತ್ರ ಕಟ್ಟುವ ಕಂಪ್ಯೂಟರ್ ಮಾಡೆಲ್‌ನಲ್ಲಿ ಅರಬ್ಬೀ ಸಮುದ್ರ ಹಾಕದಿದ್ದರೆ, ಪಶ್ಚಿಮಕ್ಕೆ ವಾಹಕ ಬಂಡೆ ಇದೆ ಎಂದು ಮೋಸಹೋಗುತ್ತೀರಿ.

ಬಾಬಾಬುಡನ್‌ಗಿರಿ ಕಡೆ ಹೋದರೆ ದಿಕ್ಸೂಚಿ ನಂಬಬೇಡಿ. ಅಲ್ಲಿನ ಮ್ಯಾಗ್ನೆಟೈಟ್ ಅದಿರು ಮುಳ್ಳನ್ನೇ ಎಳೆಯುತ್ತದೆ. ಎಲೆಕ್ಟ್ರೋಡ್ ಸಾಲಿನ ದಿಕ್ಕನ್ನು ಜಿಪಿಎಸ್‌ನ ಎರಡು ಬಿಂದುಗಳಿಂದ ಹಾಕಿಕೊಳ್ಳಿ.