ಬೆಂಗಳೂರಿನ ವಿಶ್ವವಿದ್ಯಾಲಯ ತಂಡಗಳಿಗೆ ಬೇಕಿರುವುದು ವರ್ಷಪೂರ್ತಿ ಆಡುವ ಅವಕಾಶ

ಬೆಂಗಳೂರಿನಲ್ಲಿ ಇಷ್ಟೊಂದು ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗಳಿದ್ದರೂ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ತಂಡಗಳು ನಿರೀಕ್ಷಿಸಿದಷ್ಟು ಗಟ್ಟಿಯಾಗಿ ಬೆಳೆಯದಿರಲು ಕಾರಣವೇನು, ಮುಂದಿನ ನಾಲ್ಕೈದು ವರ್ಷಗಳಲ್ಲಿ ಸ್ಥಿತಿ ಸುಧಾರಿಸೀತೆಂದು ಆಶಿಸಬಹುದೇ ಎಂದು ತಾವು ಕೇಳಿದ್ದೀರಿ. ನಗರದ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿರುವ ನನ್ನ ಉತ್ತರ: ಖಂಡಿತ ಆಶಿಸಬಹುದು. ನಾನು ಎಲ್ಲಕ್ಕಿಂತ ಹೆಚ್ಚಾಗಿ ಬಯಸುತ್ತಿರುವುದು ಸಂಯೋಜಿತ ಕಾಲೇಜುಗಳ ನಡುವೆ ತಿಂಗಳುಗಟ್ಟಲೆ, ವಾರಕ್ಕೊಂದು ಪಂದ್ಯದಂತೆ ನಡೆಯುವ ಒಂದು ಲೀಗ್ ಅನ್ನು. ಅದೊಂದು ಕೈಗೂಡಿದರೆ ಉಳಿದ ಅರ್ಧ ಕೆಲಸ ತಾನಾಗಿಯೇ ಸಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಆಟಗಾರರು ಎಲ್ಲಿ ಹೋದರು ಎಂಬುದನ್ನು ನೋಡೋಣ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ತಂಡವೆಂದರೆ ಒಂದು ಕಾಲದಲ್ಲಿ ಇಡೀ ನಗರದ ಮತ್ತು ಸುತ್ತಲಿನ ಜಿಲ್ಲೆಗಳ ಕಾಲೇಜುಗಳಿಂದ ಆರಿಸಿದ ತಂಡವಾಗಿತ್ತು. ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು, ಜೈನ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. 2017ರಲ್ಲಿ ಮೂಲ ವಿಶ್ವವಿದ್ಯಾಲಯವೇ ಮೂರಾಗಿ ಒಡೆದು, ಜ್ಞಾನಭಾರತಿಯಲ್ಲಿ ಒಂದು, ಸೆಂಟ್ರಲ್ ಕಾಲೇಜು ಆವರಣದಲ್ಲಿ ಇನ್ನೊಂದು, ಕೋಲಾರದಲ್ಲಿ ಮತ್ತೊಂದು ಉಳಿದವು. 2022ರಲ್ಲಿ ಸೇಂಟ್ ಜೋಸೆಫ್ ಕೂಡ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಹೀಗೆ ಒಂದೇ ತಂಡಕ್ಕೆ ಬರುತ್ತಿದ್ದ ಹುಡುಗ ಹುಡುಗಿಯರು ಈಗ ಹಲವು ತಂಡಗಳಲ್ಲಿ ಹಂಚಿಹೋಗಿದ್ದಾರೆ. ಶುಲ್ಕ ವಿನಾಯಿತಿ, ಹಾಸ್ಟೆಲ್ ಮತ್ತು ಊಟವನ್ನು ಒಟ್ಟಿಗೆ ಕೊಡಬಲ್ಲ ಖಾಸಗಿ ವಿಶ್ವವಿದ್ಯಾಲಯಗಳು ಉತ್ತಮ ಆಟಗಾರರನ್ನು ಪಿಯುಸಿ ಮುಗಿಯುವ ಮೊದಲೇ ಗುರುತಿಸಿಕೊಳ್ಳುತ್ತವೆ. ಇದನ್ನು ನಾನು ತಪ್ಪೆನ್ನುವುದಿಲ್ಲ. ಬಡ ಮನೆಯ ಆಟಗಾರನಿಗೆ ಅದು ದೊಡ್ಡ ಆಸರೆ. 2022ರಲ್ಲಿ ಇದೇ ನಗರದಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ಸಮಗ್ರ ಪ್ರಶಸ್ತಿ ಗೆದ್ದದ್ದು ಕ್ರೀಡೆಗೆ ವರ್ಷವಿಡೀ ಹಣ ಮತ್ತು ಗಮನ ಕೊಟ್ಟರೆ ಏನಾಗುತ್ತದೆ ಎಂಬುದನ್ನು ತೋರಿಸಿತು.

ಸರ್ಕಾರಿ ವಿಶ್ವವಿದ್ಯಾಲಯಗಳು ಹಣದಲ್ಲಿ ಅವರೊಂದಿಗೆ ಪೈಪೋಟಿ ನಡೆಸಲಾರವು, ಆದರೆ ಒಟ್ಟಿಗೆ ಆಡುವ ಸಮಯವನ್ನು ಕೊಡಬಲ್ಲವು, ಮತ್ತು ಈಗ ಕೊರತೆಯಿರುವುದು ಅದರದ್ದೇ. ಸಾಮಾನ್ಯವಾಗಿ ನಡೆಯುವ ಕ್ರಮವೇನೆಂದರೆ, ಅಂತರ ಕಾಲೇಜು ಪಂದ್ಯಾವಳಿ ಎರಡು ಮೂರು ದಿನಗಳಲ್ಲಿ ನಾಕೌಟ್ ಮಾದರಿಯಲ್ಲಿ ಮುಗಿಯುತ್ತದೆ, ಅದರ ಬೆನ್ನಿಗೇ ಸೆಲೆಕ್ಷನ್ ಟ್ರಯಲ್ಸ್ ನಡೆಯುತ್ತದೆ, ಆಯ್ಕೆಯಾದ ಹನ್ನೆರಡು ಮಂದಿಗೆ ಕೆಲವು ದಿನಗಳ ಕ್ಯಾಂಪ್ ನಡೆಸಿ ಜೆರ್ಸಿ ಕೊಟ್ಟು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ರೈಲು ಹತ್ತಿಸಲಾಗುತ್ತದೆ. ಮೊದಲ ಸುತ್ತಿನಲ್ಲೇ ಸೋತ ಕಾಲೇಜಿಗೆ ಆ ವರ್ಷ ಸಿಕ್ಕಿದ್ದು ನಲವತ್ತು ನಿಮಿಷಗಳ ಆಟ ಮಾತ್ರ. ದಕ್ಷಿಣ ವಲಯದಲ್ಲಿ ಮೊದಲ ನಾಲ್ಕರೊಳಗೆ ಬಂದರಷ್ಟೇ ಅಖಿಲ ಭಾರತ ಹಂತಕ್ಕೆ ಪ್ರವೇಶ. ವಲಯ ಪಂದ್ಯಾವಳಿಯ ಆರಂಭದ ಸುತ್ತುಗಳಲ್ಲಿಯೂ ಒಮ್ಮೆ ಎಡವಿದರೆ ಊರಿಗೆ ಮರಳಬೇಕು.

ಒಟ್ಟಿಗೆ ಆಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಂದರ್ಭವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎದುರಾಳಿ ತಂಡದ ಎತ್ತರದ ಆಟಗಾರ ಬಂದು, ಚೆಂಡು ಹಿಡಿದವನನ್ನು ಕಾಯುತ್ತಿರುವ ನಮ್ಮ ಗಾರ್ಡ್‌ಗೆ ಸ್ಕ್ರೀನ್ ಹಾಕುತ್ತಾನೆ, ಅಂದರೆ ಅವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಆ ಕ್ಷಣದಲ್ಲಿ ಹಿಂದೆ ನಿಂತಿರುವ ನಮ್ಮ ಸೆಂಟರ್ ಆಟಗಾರ, ಅಂದರೆ ರಿಂಗ್ ಬಳಿ ಕಾಯುವ ಎತ್ತರದವನು, ‘ಸ್ಕ್ರೀನ್ ಲೆಫ್ಟ್’ ಎಂದು ಕೂಗಬೇಕು. ಮುಂದೆ ನುಗ್ಗಿ ಚೆಂಡು ಹಿಡಿದವನನ್ನು ತಡೆಯಬೇಕೋ, ರಿಂಗ್ ಕಾಯಲು ಹಿಂದೆ ಸರಿಯಬೇಕೋ, ಇಲ್ಲವೇ ಗಾರ್ಡ್ ಜೊತೆ ಸ್ವಿಚ್ ಮಾಡಿಕೊಳ್ಳಬೇಕೋ (ತಾವು ಕಾಯುವ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳಬೇಕೋ) ಎಂಬುದನ್ನು ಇಬ್ಬರೂ ಒಂದೇ ರೀತಿ ತಿಳಿದಿರಬೇಕು. ಒಬ್ಬನ ಕಾಲೇಜಿನಲ್ಲಿ ಸ್ವಿಚ್ ಮಾಡುವ ರೂಢಿ, ಇನ್ನೊಬ್ಬನ ಕ್ಲಬ್ಬಿನಲ್ಲಿ ಹಿಂದೆ ಸರಿಯುವ ರೂಢಿ. ಗಾರ್ಡ್ ಸ್ವಿಚ್ ಆಯಿತೆಂದು ತನ್ನವನನ್ನು ಬಿಡುತ್ತಾನೆ, ಸೆಂಟರ್ ರಿಂಗ್ ಕೆಳಗೆ ಹೋಗಿ ನಿಲ್ಲುತ್ತಾನೆ, ಚೆಂಡು ಹಿಡಿದವನ ಮುಂದೆ ಯಾರೂ ಇರುವುದಿಲ್ಲ. ಆತ ಆರಾಮವಾಗಿ ನಿಂತು ಶಾಟ್ ಹೊಡೆಯುತ್ತಾನೆ. ಇಬ್ಬರೂ ಒಳ್ಳೆಯ ಆಟಗಾರರೇ, ಇಬ್ಬರೂ ಕಲಿತದ್ದನ್ನೇ ಮಾಡಿದ್ದಾರೆ. ಇದನ್ನು ಕ್ಯಾಂಪಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಬಹುದು. ದಣಿದ ಕಾಲುಗಳ ನಾಲ್ಕನೇ ಕ್ವಾರ್ಟರ್‌ನಲ್ಲಿ ಅದು ತಾನಾಗಿ ಬರಬೇಕಾದರೆ ಮೂವತ್ತು ನಲವತ್ತು ಪಂದ್ಯಗಳ ಒಡನಾಟವೇ ಬೇಕು.

ಆದ್ದರಿಂದ ಆಯ್ಕೆಯನ್ನು ಜುಲೈನಲ್ಲಿಯೇ ಮಾಡಿ, ಇಪ್ಪತ್ತು ಮಂದಿಯ ಸಂಭಾವ್ಯ ತಂಡಕ್ಕೆ ವಾರದಲ್ಲಿ ಎರಡು ದಿನ ಒಟ್ಟಿಗೆ ಅಭ್ಯಾಸ ಮಾಡಿಸಿ, ಶನಿವಾರ ಅವರವರ ಕಾಲೇಜಿನ ಪರವಾಗಿ ಲೀಗ್ ಆಡಲು ಬಿಡಬೇಕು. ಕ್ಲಬ್‌ಗಳನ್ನು ಹೊರಗಿಡಬಾರದು. ಮಲ್ಲೇಶ್ವರದ ಬೀಗಲ್ಸ್‌ನಂತಹ ಕ್ಲಬ್‌ಗಳು ಶಾಲಾ ಮಕ್ಕಳಿಗೆ ಡ್ರಿಬಲ್ ಕಲಿಸುವುದರಿಂದ ಹಿಡಿದು ರಾಜ್ಯ ತಂಡಕ್ಕೆ ಆಟಗಾರರನ್ನು ಕೊಡುವವರೆಗೆ ಈ ಊರಿನ ಆಟವನ್ನು ಉಳಿಸಿವೆ. ಅಲ್ಲಿನ ಕೋಚ್‌ಗಳನ್ನು ವಿಶ್ವವಿದ್ಯಾಲಯ ಗೌರವಧನ ಕೊಟ್ಟು ಕರೆಸಿಕೊಳ್ಳಬೇಕು.

ಮಳೆಯ ವಿಷಯವನ್ನೂ ಹೇಳಲೇಬೇಕು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್, ಅಕ್ಟೋಬರ್ ಕೂಡ ಕಡಿಮೆಯೇನಲ್ಲ, ಅದೂ ಬಹುಪಾಲು ಸಂಜೆಯ ಹೊತ್ತಿಗೆ. ತಂಡ ಸಜ್ಜಾಗಬೇಕಾದ ತಿಂಗಳುಗಳಲ್ಲೇ ನಮ್ಮ ಸಿಮೆಂಟ್ ಅಂಕಣಗಳಲ್ಲಿ ನೀರು ನಿಂತಿರುತ್ತದೆ. ಕಂಠೀರವ ಅಥವಾ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ವಾರಕ್ಕೆ ಎರಡು ಸಂಜೆಯಾದರೂ ವಿಶ್ವವಿದ್ಯಾಲಯ ತಂಡಗಳಿಗೆ ಮೀಸಲಾಗಲಿ ಎಂಬುದು ನನ್ನ ಕೋರಿಕೆ. ಹೊಸದನ್ನು ಕಟ್ಟಲು ಆಗದಿದ್ದರೆ, ಇರುವ ಅಂಕಣದ ಮೇಲೆ ತಗಡಿನ ಚಾವಣಿ ಹಾಕಿ ದೀಪ ಕಟ್ಟಿದರೂ ಸಾಕು.

ಹುಡುಗಿಯರ ತಂಡದ ಬಗ್ಗೆ ನನಗೆ ಇನ್ನೂ ಹೆಚ್ಚು ಭರವಸೆಯಿದೆ. 2017ರ ಜುಲೈನಲ್ಲಿ ಕಂಠೀರವದಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗವನ್ನು ಗೆದ್ದರು. ಆ ತಂಡದಲ್ಲಿ ಕರ್ನಾಟಕದ ನವನೀತಾ ಕೂಡ ಇದ್ದರು. ಇಂತಹ ಆಟವನ್ನು ತಮ್ಮ ಊರಿನಲ್ಲೇ ಕಂಡ ಮಕ್ಕಳು ಈಗ ಪದವಿ ತರಗತಿಗಳಿಗೆ ಬರುತ್ತಿದ್ದಾರೆ. ಹಾಸ್ಟೆಲ್ ಬಾಗಿಲು ಮುಚ್ಚುವ ಸಮಯಕ್ಕೆ ಹೊಂದುವಂತೆ ಅವರಿಗೆ ಅಭ್ಯಾಸದ ವೇಳೆ ಗೊತ್ತುಪಡಿಸುವುದು, ಮಹಿಳಾ ಕೋಚ್ ಒಬ್ಬರನ್ನು ನೇಮಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಹಾಜರಾತಿಯ ತೊಡಕು ಬೇರೆ. ಸೆಮಿಸ್ಟರ್ ಪದ್ಧತಿಯಲ್ಲಿ ಆಂತರಿಕ ಪರೀಕ್ಷೆ ತಪ್ಪಿದರೆ ಅಂಕ ಹೋಗುತ್ತದೆ, ತಂದೆ ತಾಯಿ ಆಟ ಬಿಡಿಸುತ್ತಾರೆ. ಕೆಲಸದ ಭರವಸೆಯೂ ತಗ್ಗಿದೆ. ಆಟಗಾರರನ್ನು ನೇಮಿಸಿಕೊಂಡು ತಂಡ ಕಟ್ಟಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಹೀಗಿರುವಾಗ, ಮರುಪರೀಕ್ಷೆಯ ದಿನಾಂಕವನ್ನು ತಂಡದ ಪ್ರಯಾಣಕ್ಕೆ ಮೊದಲೇ ಲಿಖಿತವಾಗಿ ಕೊಡುವ ನಿಯಮವನ್ನಾದರೂ ವಿಶ್ವವಿದ್ಯಾಲಯ ಮಾಡಬೇಕು.

ತಾವು ವಿದ್ಯಾರ್ಥಿಯಾಗಿದ್ದರೆ, ಈ ವರ್ಷವೇ ನಾಲ್ಕು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನು ಒಂದೆಡೆ ಕೂರಿಸಿ ಶನಿವಾರದ ಪಂದ್ಯಗಳನ್ನು ಆರಂಭಿಸಬಹುದು. ನಾಲ್ಕು ತಂಡಗಳು ಪರಸ್ಪರ ಎರಡೆರಡು ಬಾರಿ ಆಡಿದರೆ ತಂಡಕ್ಕೆ ಆರು ಪಂದ್ಯಗಳಾಗುತ್ತವೆ. ಇದಕ್ಕೆ ಬೇಕಿರುವುದು ಒಂದು ಅಂಕಣ, ಇಬ್ಬರು ರೆಫರಿಗಳು, ಶಾಟ್ ಹೊಡೆಯಲು ತಂಡಕ್ಕಿರುವ 24 ಸೆಕೆಂಡುಗಳ ಗಡಿಯಾರ ನೋಡಿಕೊಳ್ಳಲು ಒಬ್ಬರು ಮತ್ತು ಸ್ಕೋರ್‌ಶೀಟ್ ಬರೆಯಬಲ್ಲ ಇನ್ನೊಬ್ಬರು. ಆ ಸ್ಕೋರ್‌ಶೀಟ್‌ಗಳನ್ನು ಜೋಪಾನವಾಗಿಟ್ಟು ಮುಂದಿನ ಆಯ್ಕೆ ಸಮಿತಿಯ ಮುಂದೆ ಇಡಿ.